ಒಂದು ಸಾಲಿನ ಗಂಗಾಸ್ನಾನ

‘ಈ ಪ್ರಬಂಧದ ತಯಾರಿಯಲ್ಲಿ ಎಐ ನೆರವು ಪಡೆಯಲಾಗಿದೆ.’ ಕೊನೆಯಲ್ಲಿ ಇಷ್ಟು ಬರೆದುಬಿಟ್ಟರೆ ಒಳಗಿನ ತಪ್ಪೆಲ್ಲ ತೊಳೆದುಹೋಗುತ್ತದೆ ಎಂದು ನಂಬಿದವರು ವೈದ್ಯಕೀಯ ಸಂಶೋಧಕರಲ್ಲೂ ಇದ್ದಾರೆ. ಗಂಗೆಯಲ್ಲಿ ಮುಳುಗೆದ್ದವರೂ ಇಷ್ಟು ನಿಶ್ಚಿಂತರಾಗಿರಲಿಕ್ಕಿಲ್ಲ.

ಅಂಥವರಿಗೆ 2024ರ ಫೆಬ್ರುವರಿಯ ಇಲಿಯನ್ನು ತೋರಿಸಬೇಕು. ವೀರ್ಯಾಣುಗಳನ್ನು ಹುಟ್ಟುಹಾಕುವ ಕಾಂಡಕೋಶಗಳ ಬಗ್ಗೆ ಚೀನಾದ ಷಿಯಾನ್ ನಗರದ ಸಂಶೋಧಕರು ಬರೆದ ಪ್ರಬಂಧ ‘ಫ್ರಾಂಟಿಯರ್ಸ್ ಇನ್ ಸೆಲ್ ಆ್ಯಂಡ್ ಡೆವಲಪ್‌ಮೆಂಟಲ್ ಬಯಾಲಜಿ’ ಪತ್ರಿಕೆಯಲ್ಲಿ ಬಂತು. ಮೊದಲ ಚಿತ್ರದಲ್ಲೇ ಕೂತ ಇಲಿ. ಅದರ ಜನನಾಂಗ ಮಾತ್ರ ಇಲಿಯನ್ನೂ ಮೀರಿಸಿ ಚೌಕಟ್ಟಿನಾಚೆಗೆ ಬೆಳೆದಿತ್ತು. ಪಕ್ಕದಲ್ಲಿ ಬಾಣದ ಗುರುತು ಹಾಕಿ ಬರೆದ ಹೆಸರುಗಳು ‘ಟೆಸ್ಟೊಮ್‌ಸೆಲ್ಸ್’, ‘ಡಿಸಿಲ್ಸ್ಡ್’ ಇತ್ಯಾದಿ. ಯಾವ ಅನಾಟಮಿ ಪುಸ್ತಕದಲ್ಲೂ ಸಿಗದವು.

ನಗಲು ಇಷ್ಟು ಸಾಕು. ಆದರೆ ಚಿತ್ರಗಳನ್ನು ಮಿಡ್‌ಜರ್ನಿ ಎಂಬ ಎಐ ಸಾಧನದಿಂದ ಮಾಡಿಸಿದ್ದೇವೆಂದು ಲೇಖಕರು ಪ್ರಬಂಧದಲ್ಲೇ ಹೇಳಿಕೊಂಡಿದ್ದರು! ಮುಚ್ಚಿಟ್ಟದ್ದೇನೂ ಇರಲಿಲ್ಲ. ಪತ್ರಿಕೆಯ ನಿಯಮವೂ ಎಐ ಬಳಕೆಗೆ ಅಡ್ಡ ಬಂದಿರಲಿಲ್ಲ. ಪರಿಶೀಲಕರೊಬ್ಬರು ಚಿತ್ರಗಳ ಬಗ್ಗೆ ತಕರಾರು ತೆಗೆದಿದ್ದರು, ಲೇಖಕರು ಕಿವಿಗೊಡಲಿಲ್ಲ, ಪತ್ರಿಕೆ ಹಾಗೇ ಅಚ್ಚುಮಾಡಿತು. ಮೂರೇ ದಿನಕ್ಕೆ ಪ್ರಬಂಧವನ್ನು ಹಿಂಪಡೆಯಬೇಕಾಯಿತು.

ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಘೋಷಣೆ ಬೇರೆ, ಹೊಣೆ ಬೇರೆ ಎಂದು 2023ರ ಮೇ ತಿಂಗಳಲ್ಲೇ ಬಿಡಿಸಿ ಹೇಳಿತ್ತು. ಬರವಣಿಗೆಗೆ ಎಐ ಬಳಸಿದ್ದರೆ ಕೃತಜ್ಞತೆಯ ಭಾಗದಲ್ಲಿ ತಿಳಿಸಬೇಕು. ದತ್ತಾಂಶ ಸಂಗ್ರಹ, ವಿಶ್ಲೇಷಣೆ, ಚಿತ್ರಗಳಿಗೆ ಬಳಸಿದ್ದರೆ ವಿಧಾನದ ಭಾಗದಲ್ಲಿ. ಹೊಣೆ ಮಾತ್ರ ಎರಡೂ ಕಡೆ ಮನುಷ್ಯರದೇ. ಆ ಹೊಣೆ ಹಗುರವೂ ಅಲ್ಲ. ಚಾಟ್‌ಜಿಪಿಟಿಯಿಂದ 30 ಕಿರು ವೈದ್ಯಕೀಯ ಪ್ರಬಂಧ ಬರೆಸಿ, ಅವುಗಳ 115 ಉಲ್ಲೇಖಗಳನ್ನು ಒಂದೊಂದಾಗಿ ಹುಡುಕಿ ನೋಡಿದ 2023ರ ಅಧ್ಯಯನವೊಂದರಲ್ಲಿ ಶೇ 47ರಷ್ಟು ಶುದ್ಧ ಕಟ್ಟುಕತೆ. ಅಸಲಿಯೂ ನಿಖರವೂ ಆದವು ಶೇ 7. ಹುಟ್ಟೇ ಇಲ್ಲದ ಪ್ರಬಂಧವನ್ನು ಯಾವ ಘೋಷಣೆ ಹುಟ್ಟಿಸೀತು?

ಪ್ರಾಮಾಣಿಕತೆ ಎಂದರೆ ಯಂತ್ರವನ್ನೂ ಲೇಖಕರ ಪಟ್ಟಿಗೆ ಸೇರಿಸುವುದು ಎಂದುಕೊಂಡವರೂ ಇದ್ದರು. ನರ್ಸಿಂಗ್ ಶಿಕ್ಷಣದ ಪತ್ರಿಕೆಯೊಂದು ಚಾಟ್‌ಜಿಪಿಟಿಯನ್ನು ಲೇಖಕನೆಂದು ಅಚ್ಚುಹಾಕಿ, ಆಮೇಲೆ ತಿದ್ದುಪಡಿ ಪ್ರಕಟಿಸಿ ಹೆಸರು ತೆಗೆಯಿತು. ಕಾಗುಣಿತ ತಿದ್ದಿಸಿಕೊಂಡದ್ದನ್ನೂ ಘೋಷಿಸಬೇಕೆಂದು ಹೆದರುವವರು ಹೆದರಬೇಕಿಲ್ಲ, ಪ್ರಕಾಶನ ಸಂಸ್ಥೆ ಎಲ್ಸೆವಿಯರ್ ಅಂಥದ್ದನ್ನು ಕೇಳುವುದಿಲ್ಲ. ಇನ್ನು ‘ಹೇಳದಿದ್ದರೆ ಎಐ ಬರಹ ಪತ್ತೆಹಚ್ಚುವ ಡಿಟೆಕ್ಟರ್ ಹಿಡಿಯುತ್ತದೆ’ ಎಂಬ ಧೈರ್ಯ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಡಿಟೆಕ್ಟರ್ ಸರಿಯಾಗಿ ಹಿಡಿಯುತ್ತಿಲ್ಲವೆಂದು 2023ರ ಜುಲೈಯಲ್ಲಿ ಮುಚ್ಚಿತು. ಇಂಗ್ಲಿಷ್ ಮನೆಮಾತಲ್ಲದವರು ಸ್ವಂತವಾಗಿ ಬರೆದ ಟೋಫೆಲ್ ಇಂಗ್ಲಿಷ್ ಪರೀಕ್ಷೆಯ ಪ್ರಬಂಧಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಇಂಥ ಸಾಧನಗಳು ಯಂತ್ರದ ಬರಹವೆಂದವು. ಬೆಂಗಳೂರಿನ, ಹುಬ್ಬಳ್ಳಿಯ ಪಿಜಿ ವಿದ್ಯಾರ್ಥಿಗಳು ಇದನ್ನು ತಮ್ಮ ಗೈಡ್‌ಗಳಿಗೆ ಓದಿ ಹೇಳಬಹುದು.

ಅಚ್ಚಾದದ್ದನ್ನೆಲ್ಲ ಯಾರೋ ಓದಿಯೇ ಇರುತ್ತಾರೆ ಎಂಬ ನಂಬಿಕೆಯೂ ಇದೇ ಜಾತಿಯದು. ನಾಲ್ಕು ತಿಂಗಳ ಹೆಣ್ಣುಮಗುವಿನ ಯಕೃತ್ತಿನ ರಕ್ತನಾಳಗಳಿಗೆ ಆದ ಗಾಯದ ಕುರಿತ ಲೇಖನ 2024ರಲ್ಲಿ ‘ರೇಡಿಯಾಲಜಿ ಕೇಸ್ ರಿಪೋರ್ಟ್ಸ್’ನಲ್ಲಿ ಬಂತು. ಘೋಷಣೆ ಎಲ್ಲೂ ಇರಲಿಲ್ಲ. ಆದರೆ ಲೇಖನದೊಳಗೇ, ತಾನೊಂದು ಎಐ ಭಾಷಾ ಮಾದರಿ, ರೋಗಿಯ ಮಾಹಿತಿ ತನ್ನ ಬಳಿ ಇಲ್ಲ, ಕ್ಷಮಿಸಿ ಎಂದು ಯಂತ್ರವೇ ಹೇಳಿಕೊಂಡಿತ್ತು. ಲೇಖಕರು, ಪರಿಶೀಲಕರು, ಸಂಪಾದಕರು, ಕರಡು ನೋಡುವವರು, ಇಷ್ಟೂ ಜನರ ಕಣ್ಣೆದುರು ಆ ಸಾಲು ಸರಾಗವಾಗಿ ದಾಟಿಹೋಗಿತ್ತು.