ಗ್ರಂಥಾಲಯದ ಕಥೆ ಹೊತ್ತು: ಮಕ್ಕಳಲ್ಲ, ದೊಡ್ಡವರು ಸ್ವಲ್ಪ ಸುಮ್ಮನಿದ್ದರೆ ಸಾಕು

ಶನಿವಾರ ಶಾಲೆ ಬಿಟ್ಟ ಮೇಲೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಚಾಪೆ ಹಾಸಿರ್ತಾರೆ. ಹದಿನೈದಿಪ್ಪತ್ತು ಮಕ್ಕಳು ಕೂತಿರ್ತಾರೆ. ಕಥೆಯಲ್ಲಿ ನರಿ ಬಾವಿ ಹತ್ತಿರ ಬಂದಿದೆ, ಇನ್ನೇನು ಬಗ್ಗಿ ನೋಡಬೇಕು. ಅಷ್ಟರಲ್ಲಿ ಬಾಗಿಲ ಹತ್ತಿರ ಯಾರದೋ ಫೋನು ಜೋರಾಗಿ ಹಾಡುತ್ತೆ. "ಹಲೋ, ಹಾಂ, ಇಲ್ಲೇ ಲೈಬ್ರರಿ ಹತ್ರ ಇದೀನಿ, ಹೇಳಿ." ಕಿಟಕಿ ಆಚೆ ಟೆಂಪೊ ರಿವರ್ಸ್ ತಗೊಳ್ತಾ ಪೀಂ ಪೀಂ ಅನ್ನುತ್ತೆ. ಒಬ್ಬ ತಾಯಿ ಮಗನಿಗೆ "ಏಯ್, ಕೈಕಟ್ಟಿ ಕೂತ್ಕೊಳೋ" ಅಂತ ಗದರುತ್ತಾರೆ. ನರಿ ಬಾವಿ ಹತ್ತಿರಾನೇ ನಿಂತಿದೆ. ಮಕ್ಕಳೆಲ್ಲ ಹಿಂದೆ ತಿರುಗಿ ನೋಡ್ತಿದ್ದಾರೆ.

ಕಥೆ ಕೆಡೋದು ಹೀಗೆ. ಆದರೆ ಆಮೇಲೆ ಕೇಳಿಬರುವ ದೂರು ಮಾತ್ರ ಒಂದೇ: "ಈ ಮಕ್ಕಳು ಒಂದು ಕಡೆ ಕೂರಲ್ಲ."

ಇದು ಯಾರ ದುಡ್ಡು?

ಮನೆ, ಅಂಗಡಿ ಕಂದಾಯ ಕಟ್ಟಿದ ರಸೀದಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. ಆಸ್ತಿ ತೆರಿಗೆ ಮೇಲೆ ಶೇ 6. ಅಂದರೆ 1000 ರೂಪಾಯಿ ತೆರಿಗೆಗೆ 60 ರೂಪಾಯಿ. ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಾಗಿನಿಂದ ಈ ಕರ ಇದೆ. ಹಾಗಾಗಿ ಗ್ರಂಥಾಲಯದಲ್ಲಿ ಕಥೆ ಹೇಳೋದು ಯಾರೋ ಮಾಡ್ತಿರೋ ಉಪಕಾರ ಅಲ್ಲ, ಊರಿನವರು ದುಡ್ಡು ಕೊಟ್ಟು ನಡೆಸ್ತಿರೋ ಕೆಲಸ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ, ಕೋವಿಡ್‌ನಿಂದ ಶಾಲೆ ಬಾಗಿಲು ಹಾಕಿದ್ದಾಗ, 'ಓದುವ ಬೆಳಕು' ಕಾರ್ಯಕ್ರಮ ಶುರುವಾಯ್ತು. 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ, ಜೊತೆಗೆ ಗಟ್ಟಿ ಓದು, ಕಥೆ ಹೇಳೋದು ಇಂಥ ಚಟುವಟಿಕೆ. 'ಅರಿವು ಕೇಂದ್ರ' ಅಂತ ಬೋರ್ಡ್ ಇರೋದೂ ಇವಕ್ಕೇ. ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕ ಇಲ್ಲದ ಮಗುವಿಗೆ ಊರಲ್ಲಿ ಇರೋದು ಇದೊಂದೇ ಜಾಗ. ಅಲ್ಲಿ ಒಂದು ಸಲ ನಾಲ್ಕು ಜನರ ಮುಂದೆ ಬೈಸಿಕೊಂಡ ಮಗು ಮುಂದಿನ ವಾರ ಬರಲ್ಲ. ಯಾಕೆ ಬರಲಿಲ್ಲ ಅಂತ ಯಾರೂ ಹೋಗಿ ಕೇಳೋದೂ ಇಲ್ಲ.

ಗಲಾಟೆಯಲ್ಲಿ ಎರಡು ಥರ

ಹಿಂದೆ ಅಜ್ಜಿ ಕಥೆ ಹೇಳುವಾಗ ಕೇಳೋರು 'ಹ್ಞೂಂ' ಅನ್ನಲೇಬೇಕಿತ್ತು. ಹ್ಞೂಂಗುಟ್ಟೋದು ನಿಂತರೆ ಕಥೆಯೂ ನಿಲ್ತಿತ್ತು. "ನಿದ್ದೆ ಬಂತೇನೋ?" ಅಂತ ಅಜ್ಜಿ ಕೇಳೋರು. ಅಂದರೆ ಕೇಳುವವರ ಬಾಯಿ ಮುಚ್ಚಿಸಿ ಕಥೆ ಹೇಳೋ ಪದ್ಧತಿ ನಮ್ಮದಾಗಿರಲೇ ಇಲ್ಲ. ಅದು ಶಾಲೆ ಕೊಠಡಿಯಿಂದ ಬಂದ ಅಭ್ಯಾಸ.

"ಬಾವೀಲಿ ಇನ್ನೊಂದು ನರಿ ಇದೆಯಾ?" ಅಂತ ಮಗು ಮಧ್ಯದಲ್ಲಿ ಕೂಗಿದರೆ ಅದು ಅಡ್ಡಿ ಅಲ್ಲ, ಹ್ಞೂಂಗುಟ್ಟಿದ ಹಾಗೆ. ಕಥೆ ಅದಕ್ಕೆ ಮುಟ್ಟಿದೆ ಅಂತ ಅರ್ಥ. ಎದ್ದು ನಿಂತು ಚಿತ್ರ ನೋಡೋದು, ಪಕ್ಕದವನ ತೊಡೆ ಹಿಡ್ಕೊಳ್ಳೋದು, ಹುಲಿ ಬಂದಾಗ ತಾನೂ ಗುರ್ ಅನ್ನೋದು ಎಲ್ಲ ಇದೇ ಲೆಕ್ಕ. ಮಕ್ಕಳ ಜೊತೆ ಪ್ರಶ್ನೆ ಕೇಳ್ತಾ, ಉತ್ತರ ಹೇಳಿಸ್ತಾ ಓದಿದರೆ ಅವರ ಮಾತು ಬೇಗ ಬೆಳೆಯುತ್ತೆ ಅಂತ ಅಮೆರಿಕದ ಸಂಶೋಧಕರು 1988ರಲ್ಲೇ ತೋರಿಸಿದ್ದರು. ಅಜ್ಜಿಯರಿಗೆ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೆ.

ಇನ್ನೊಂದು ಥರ ಇದೆ. ಕಥೆಗೂ ಅದಕ್ಕೂ ಸಂಬಂಧ ಇಲ್ಲ: ಜಗಳ, ಚಪ್ಪಲಿ ಎಸೆಯೋದು, ಮುಂದೆ ಕೂತವಳ ಜಡೆ ಎಳೆಯೋದು. ಇದನ್ನ ನಿಲ್ಲಿಸಬೇಕು ಸರಿ, ಆದರೆ ಕೂಗಿ ಅಲ್ಲ. ಎದ್ದು ಹೋಗಿ ಆ ಹುಡುಗನ ಪಕ್ಕ ಸುಮ್ನೆ ಕೂತರೆ ಸಾಕು. ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತೆ.

ತಮ್ಮನನ್ನ ಎತ್ಕೊಂಡು ಬರೋ ಅಕ್ಕ

ಕಥೆ ಕೇಳೋಕೆ ಬರೋ ಎಷ್ಟೋ ಹುಡುಗಿಯರ ಸೊಂಟದ ಮೇಲೆ ಒಂದು ಕೂಸು ಇರುತ್ತೆ. ಅಪ್ಪ ಅಮ್ಮ ಕೂಲಿಗೆ ಹೋಗಿರ್ತಾರೆ, ತಮ್ಮನನ್ನ ನೋಡಿಕೊಳ್ಳೋ ಕೆಲಸ ಅವಳದು. "ಚಿಕ್ಕ ಮಗು ಅಳುತ್ತೆ, ಮನೇಲಿ ಬಿಟ್ಟು ಬಾ" ಅಂದರೆ ಅವಳಿಗೆ "ನೀನು ಬರಬೇಡ" ಅಂದ ಹಾಗೇ. ಯಾಕಂದ್ರೆ ಬಿಟ್ಟು ಬರೋಕೆ ಮನೇಲಿ ಯಾರೂ ಇಲ್ಲ.

ಅವಳಿಗೆ ಬಾಗಿಲ ಹತ್ತಿರ ಜಾಗ ಕೊಡಿ. ಕೂಸು ಅತ್ತರೆ ಅಲ್ಲಿರೋ ಯಾರಾದರೂ ದೊಡ್ಡವರು ಐದು ನಿಮಿಷ ಎತ್ಕೊಂಡು ಆಚೆ ತಿರುಗಾಡಿಸಲಿ, ಅಕ್ಕ ಕಥೆ ಕೇಳಲಿ. ಮಗನನ್ನ ಬಿಟ್ಟು ಕಟ್ಟೆ ಮೇಲೆ ಫೋನ್ ನೋಡ್ತಾ ಕೂರೋ ಅಪ್ಪಂದಿರಿಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ. ಮಕ್ಕಳನ್ನ ಕರೆದುಕೊಂಡು ಬಂದ ತಾಯಂದಿರಿಗೂ ಇದೇ ಮಾತು: ಅಳೋ ಮಗುವನ್ನ ಆಚೆ ಕರ್ಕೊಂಡು ಹೋಗೋದು ನಾಚಿಕೆ ಅಲ್ಲ, ಸುಮ್ಮನಾದ ಮೇಲೆ ವಾಪಸ್ ಒಳಗೆ ಕರ್ಕೊಂಡು ಬನ್ನಿ. ಆಚೆ ಹೋದವರು ಹಾಗೇ ಮನೆಗೆ ಹೋಗಬೇಕಿಲ್ಲ.

ತಡವಾಗಿ ಬಂದ ಮಗುವನ್ನ ಬಾಗಿಲಲ್ಲಿ ನಿಲ್ಲಿಸಿ "ಈಗ್ ಬಂದ್ಯಾ?" ಅನ್ನೋದೂ ಬೇಡ. ಹಿಂದಿನಿಂದ ಬಂದು ಕೂರಲಿ. ಕಿವಿ ಸರಿಯಾಗಿ ಕೇಳಿಸದ ಮಗು ಇದ್ದರೆ ಮಾತ್ರ ಮುಂದೆ ಕೂರಿಸಿ, ಕಥೆ ಹೇಳೋರ ಮುಖ, ತುಟಿ ಕಾಣಬೇಕು.

ಚಾಪೆ ಎಲ್ಲರಿಗೂ ಒಂದೇ. ಕುಡಿಯೋ ನೀರಿನ ಲೋಟವೂ ಒಂದೇ. ಯಾವ ಕೇರಿ, ಯಾರ ಮಗ ಅಂತ ವಿಚಾರಿಸಿ ಜಾಗ ತೋರಿಸೋರು ಈಗಲೂ ಇದ್ದಾರೆ. ಮಕ್ಕಳಿಗೆ ಇದು ತಕ್ಷಣ ಗೊತ್ತಾಗುತ್ತೆ, ದೊಡ್ಡವರು ಅಂದುಕೊಳ್ಳೋದಕ್ಕಿಂತ ಬೇಗ.

ಕಥೆ ಮುಗಿದ ಕೂಡಲೇ ಪರೀಕ್ಷೆ ಬೇಡ

ಕಥೆ ಮುಗಿಯಿತು ಅನ್ನೋಷ್ಟರಲ್ಲಿ ದೊಡ್ಡವರೊಬ್ಬರು "ಈ ಕಥೆಯಿಂದ ಏನು ನೀತಿ ಕಲಿತೆ, ಹೇಳು" ಅಂತ ಕೇಳ್ತಾರೆ. ಮಗುವಿನ ಮುಖ ಅಲ್ಲೇ ಬಾಡುತ್ತೆ. ಅದರ ತಲೆಯಲ್ಲಿ ಇನ್ನೂ ನರಿ ಓಡ್ತಿದೆ. "ನಿಂಗೆ ಯಾವುದು ಇಷ್ಟ ಆಯ್ತು?" ಅಂತ ಬೇಕಾದರೆ ಕೇಳಿ. ಹೇಳದಿದ್ದರೆ ಬಿಡಿ. ಮಗು ತಡವರಿಸುವಾಗ ಅದರ ಪರವಾಗಿ ಅಪ್ಪ ಅಮ್ಮ ಉತ್ತರ ಹೇಳೋದಂತೂ ಬೇಡವೇ ಬೇಡ.

ಫೋಟೊ ವಿಷಯ. ಕಥೆ ಕೇಳುವ ಮಕ್ಕಳ ಫೋಟೊ ತೆಗೆದು ಸ್ಟೇಟಸ್ ಹಾಕೋಕೆ ಎಲ್ಲರಿಗೂ ಆಸೆ. ನಿಮ್ಮ ಮಗುವಿನದು ಹಾಕಿಕೊಳ್ಳಿ. ಪಕ್ಕದ ಮಗುವಿನದು ಹಾಕೋ ಮುಂಚೆ ಅವರ ಮನೆಯವರನ್ನ ಕೇಳಬೇಕು. ಮೊಬೈಲ್ ಎತ್ತಿದ ಕೂಡಲೇ ಮಕ್ಕಳೆಲ್ಲ ಪುಸ್ತಕ ಬಿಟ್ಟು ಕ್ಯಾಮೆರಾ ನೋಡ್ತಾರೆ ಅನ್ನೋದು ಇನ್ನೊಂದು ತಾಪತ್ರಯ.

ಚಿಪ್ಸ್ ಪ್ಯಾಕೆಟ್ಟು, ಬಿಸ್ಕೆಟ್ಟು ಕಥೆಗೆ ಮುಂಚೆ ಇಲ್ಲಾ ಆಮೇಲೆ. ಎಣ್ಣೆ ಕೈ ಬಿದ್ದ ಪುಟದ ಕಲೆ ಹೋಗೋದೇ ಇಲ್ಲ.

ಅಕ್ಕಪಕ್ಕದ ಅಂಗಡಿಯವರು

ಪಂಚಾಯಿತಿ ಕಟ್ಟಡದ ಸುತ್ತಮುತ್ತಲೇ ಬೇಕರಿ, ಮೊಬೈಲ್ ಅಂಗಡಿ, ಗೊಬ್ಬರದಂಗಡಿ ಇರೋದು ಸಾಮಾನ್ಯ. ವ್ಯಾಪಾರ ನಿಲ್ಲಿಸಿ ಅಂತ ಯಾರೂ ಹೇಳ್ತಿಲ್ಲ. ಕಥೆ ನಡೆಯೋದು ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು. ಅಷ್ಟು ಹೊತ್ತು ಸ್ಪೀಕರ್ ಸೌಂಡ್ ಕಮ್ಮಿ ಮಾಡಿ. ಲೋಡ್ ಇಳಿಸೋದನ್ನ ಹಿಂದೆ ಮುಂದೆ ಮಾಡಿಕೊಳ್ಳಿ. ಗಿರಾಕಿಗಳ ಬೈಕು ಗ್ರಂಥಾಲಯದ ಬಾಗಿಲಿಗೆ ಅಡ್ಡ ನಿಲ್ಲದಂಗೆ ನೋಡಿಕೊಳ್ಳಿ. ಗ್ರಂಥಾಲಯದವರೂ ದಿನ, ಹೊತ್ತು ಬರೆದು ಬಾಗಿಲಿಗೆ ಅಂಟಿಸಿ ಅಂಗಡಿಯವರಿಗೆ ಮೊದಲೇ ಹೇಳಬೇಕು. ಸಂತೆ ದಿನ ಇಟ್ಕೊಂಡು ಆಮೇಲೆ ಗಲಾಟೆ ಅಂದರೆ ತಪ್ಪು ಯಾರದು?

ಸಹಾಯ ಮಾಡಬೇಕು ಅನ್ನೋರಿಗೆ ದುಡ್ಡೇ ಬೇಕಿಲ್ಲ. ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿ ಚಿತ್ರ ಬಿಡಿಸೋಕೆ ಆಗುತ್ತೆ. ಸಾಬೂನಿನ ರಟ್ಟಿನ ಡಬ್ಬದಲ್ಲಿ ಗೊಂಬೆ, ಮುಖವಾಡ ಮಾಡಬಹುದು. ಬೇಸಿಗೆಯಲ್ಲಿ ಒಂದು ಕ್ಯಾನ್ ನೀರು ಕೊಟ್ಟರೆ ದೊಡ್ಡದು. ಪುಸ್ತಕ ಕೊಡೋದಾದರೆ ಮನೇಲಿ ಉಳಿದ ಗೈಡು, ಹಳೇ ಪರೀಕ್ಷೆ ಪುಸ್ತಕ ತಂದು ಸುರಿಯಬೇಡಿ. ದೊಡ್ಡ ಅಕ್ಷರದ, ಚಿತ್ರ ಇರೋ ಕನ್ನಡ ಪುಸ್ತಕ ಬೇಕಿರುತ್ತೆ. ಯಾವುದು ಇಲ್ಲ ಅಂತ ಮೇಲ್ವಿಚಾರಕರನ್ನ ಕೇಳಿ ಕೊಡಿಸಿ.

ಓದೋರಿಗೆ, ಒಯ್ಯೋರಿಗೆ

ಹೆಚ್ಚಿನ ಕಡೆ ಮೇಲ್ವಿಚಾರಕರು ಒಬ್ಬರೇ. ರಿಜಿಸ್ಟರ್ ಬರೆಯೋದು, ಪೇಪರ್ ಜೋಡಿಸೋದು, ಕಥೆ ಹೇಳೋದು ಎಲ್ಲ ಅವರೇ. ನಿವೃತ್ತ ಮೇಷ್ಟ್ರು, ಕಾಲೇಜು ಹುಡುಗಿಯರು, ಕಥೆ ಗೊತ್ತಿರೋ ಅಜ್ಜಿಯರು ತಿಂಗಳಿಗೊಂದು ಸಲ ಬಂದರೂ ಅವರಿಗೆ ಉಸಿರಾಡೋಕೆ ಆಗುತ್ತೆ. ಬರೋ ಮುಂಚೆ ಪುಸ್ತಕ ಒಂದು ಸಲ ಓದಿಕೊಂಡು ಬನ್ನಿ. ಪುಸ್ತಕವನ್ನ ಎದೆ ಪಕ್ಕ ಹಿಡಿದು ಚಿತ್ರ ಮಕ್ಕಳ ಕಡೆ ತಿರುಗಿಸಿ ಓದಬೇಕು, ಇಲ್ಲದಿದ್ದರೆ ಅವರಿಗೆ ಕಾಣೋದು ಬರೀ ರಟ್ಟು. ಗ್ರಂಥಸ್ಥ ಮಾತು ಬಾಯಿಗೆ ಬರದಿದ್ದರೆ ಊರ ಮಾತಲ್ಲೇ ಹೇಳಿ. ಕಪ್ಪಗಿರೋರನ್ನ, ದಪ್ಪಗಿರೋರನ್ನ, ಕುಂಟೋರನ್ನ ಹಾಸ್ಯ ಮಾಡಿ ನಗಿಸೋದು ಬೇಡ, ಅಂಥ ಮಗು ಅಲ್ಲೇ ಕೂತಿರಬಹುದು.

ಕಥೆ ಮುಗಿದ ಮೇಲೆ ಅದೇ ಪುಸ್ತಕಕ್ಕೆ ನಾಲ್ಕು ಜನ ಕೈಹಾಕ್ತಾರೆ. ಹೆಸರು ಬರೆಸಿ ಸರದಿ ಮೇಲೆ ಒಯ್ಯಲಿ. ಬೇಡದ ಪುಸ್ತಕವನ್ನ ಕಪಾಟಿನಲ್ಲಿ ಎಲ್ಲೋ ತುರುಕೋದಕ್ಕಿಂತ ಮೇಜಿನ ಮೇಲೆ ಬಿಟ್ಟು ಹೋಗೋದು ವಾಸಿ. ತಪ್ಪು ಜಾಗದಲ್ಲಿಟ್ಟ ಪುಸ್ತಕವೂ ಕಳೆದುಹೋದ ಪುಸ್ತಕವೂ ಒಂದೇ. ಪುಟ ಹರಿದರೆ ಮನೇಲಿ ಸೆಲ್ಲೋಟೇಪ್ ಹಚ್ಚಬೇಡಿ, ಅದು ಹಳದಿಯಾಗಿ ಅಂಟು ಬಿಡುತ್ತೆ. ಹರಿದದ್ದನ್ನ ಹಾಗೇ ತಂದು ಹೇಳಿ. "ಹರಿದ್ರೆ ಬೈತಾರೆ" ಅನ್ನೋ ಭಯಕ್ಕೇ ಎಷ್ಟೋ ಮನೆಗಳಲ್ಲಿ ಪುಸ್ತಕ ತರಬೇಡ ಅಂತಾರೆ. ಮೇಲ್ವಿಚಾರಕರು ಮೊದಲ ಸಲ ಗದರದೇ ಇಸ್ಕೊಂಡರೆ ಆ ಭಯ ಅರ್ಧ ಹೋಗುತ್ತೆ.

ನಿಮ್ಮ ಪಂಚಾಯಿತಿ ಗ್ರಂಥಾಲಯದಲ್ಲಿ ಕಥೆ ಹೇಳೋದು ಇನ್ನೂ ಶುರುವಾಗಿಲ್ಲದಿದ್ದರೆ ಪಿಡಿಒ ಅವರನ್ನ ಕೇಳಿ. ಚಾಪೆ ಸಾಲಲ್ಲ, ಫ್ಯಾನ್ ಇಲ್ಲ, ಚಿತ್ರದ ಪುಸ್ತಕ ಬೇಕು ಅನ್ನೋದನ್ನ ಮಕ್ಕಳೇ ಹೇಳಬಹುದು. ಪ್ರತಿ ವರ್ಷ ಮಕ್ಕಳ ಗ್ರಾಮ ಸಭೆ ನಡೆಸೋದು ಅದಕ್ಕೇ.