ಹೆದರಿದ ನಾಯಿಯನ್ನು ತಬ್ಬಿಕೊಂಡರೆ ತಪ್ಪೇನು?

ದೀಪಾವಳಿ ಹತ್ತಿರವಾದಂತೆ ನಾಯಿ ಸಾಕಿದವರ ನಡುವೆ ಪ್ರತಿವರ್ಷ ಒಂದೇ ಪ್ರಶ್ನೆ ಏಳುತ್ತದೆ. ಪಟಾಕಿ ಸದ್ದಿಗೆ ನಡುಗುತ್ತಾ ಬಂದು ಕಾಲಿಗೆ ಒತ್ತಿಕೊಂಡು ನಿಲ್ಲುವ ನಾಯಿಯನ್ನು ಮುದ್ದು ಮಾಡಬಹುದೇ, ಬಾರದೇ? ಬಾರದು ಎನ್ನುವವರೇ ಹೆಚ್ಚು. ಹೆದರಿದಾಗ ಮೈದಡವಿದರೆ ಹೆದರಿದ್ದಕ್ಕೆ ಬಹುಮಾನ ಕೊಟ್ಟ ಹಾಗಾಗುತ್ತದೆ, ಮುಂದಿನ ಸಲ ಇನ್ನಷ್ಟು ಹೆದರುತ್ತದೆ, ಆದ್ದರಿಂದ ನೋಡಿಯೂ ನೋಡದಂತೆ ಇದ್ದುಬಿಡಿ ಎಂಬ ಉಪದೇಶ ತರಬೇತುದಾರರಿಂದ ಹಿಡಿದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನವರೆಗೆ ಎಲ್ಲ ಕಡೆ ಸಿಗುತ್ತದೆ. ಕೇಳಲು ವೈಜ್ಞಾನಿಕವಾಗಿಯೇ ಇದೆ. ಬಹುಮಾನ ಸಿಕ್ಕ ನಡತೆ ಗಟ್ಟಿಯಾಗುತ್ತದೆ ಎಂಬುದು ಮನೋವಿಜ್ಞಾನದ ಬುನಾದಿ ತತ್ವಗಳಲ್ಲೊಂದು. ಆದರೆ ಹೆದರಿಕೆ ನಡತೆಯಲ್ಲ. ಸರಿಯಾದ ತತ್ವವನ್ನು ತಪ್ಪು ಜಾಗಕ್ಕೆ ಅಂಟಿಸಿದ್ದರಿಂದ ಹುಟ್ಟಿದ ಉಪದೇಶ ಇದು. ಸಾವಿರಾರು ನಾಯಿಗಳು ಹಬ್ಬದ ರಾತ್ರಿಗಳನ್ನು ಒಂಟಿಯಾಗಿ ಕಳೆಯುವಂತೆ ಮಾಡಿದ್ದೂ ಇದೇ.

ಕೈ ನೀಡುವುದು, ಕುಳಿತುಕೊಳ್ಳುವುದು, ಬಾಗಿಲ ಬಳಿ ಬೊಗಳುವುದು, ಇವೆಲ್ಲ ನಾಯಿ ತಾನಾಗಿ ಮಾಡುವ ಕೆಲಸಗಳು. ಅವುಗಳಿಗೆ ಬಿಸ್ಕತ್ತು ಸಿಕ್ಕರೆ ಮತ್ತೆ ಮಾಡುತ್ತದೆ. ಎದೆ ಡವಗುಟ್ಟುವುದು, ಕಣ್ಣಿನ ಪಾಪೆ ಹಿಗ್ಗುವುದು, ಸೆಕೆಯಿಲ್ಲದಿದ್ದರೂ ಏದುಸಿರು ಬಿಡುವುದು ಹಾಗಲ್ಲ, ಅವು ತಾವಾಗಿ ಬರುವಂಥವು. ಶೀತವಾದವರು ಸೀನಿದಾಗಲೆಲ್ಲ ಒಂದೊಂದು ಲಾಡು ಕೊಡುತ್ತಾ ಹೋಗಿ: ಲಾಡಿನ ಆಸೆಗೆ ಶೀತ ಹೆಚ್ಚುವುದಿಲ್ಲ. ಕಳ್ಳ ಸೀನು ಸೀನುವುದನ್ನು ಬೇಕಾದರೆ ಕಲಿಯಬಹುದು, ಮೂಗಿನೊಳಗಿನ ಉರಿಯನ್ನು ಯಾರೂ ಲಾಡಿಗಾಗಿ ಕಲಿಯಲಾರರು. ಹಾಗೆಯೇ, ಪಟಾಕಿ ಸಿಡಿದಾಗ ನಿಮ್ಮ ಮಡಿಲಿಗೆ ಓಡಿ ಬರಬೇಕು ಎಂಬುದನ್ನು ನಾಯಿ ನಿಮ್ಮ ಮುದ್ದಿನಿಂದ ಖಂಡಿತ ಕಲಿಯುತ್ತದೆ. ಕಲಿಯಲಿ ಬಿಡಿ. ಬಾಗಿಲು ಪರಚಿ ಉಗುರು ಕಿತ್ತುಕೊಳ್ಳುವುದಕ್ಕಿಂತ, ಕಾಂಪೌಂಡು ಹಾರಿ ರಸ್ತೆಗೆ ಓಡುವುದಕ್ಕಿಂತ ಅದು ಮೇಲು.

ಹೆದರಿಕೆ ಹೇಗೆ ಅಂಟುತ್ತದೆ, ಹೇಗೆ ಬಿಡುತ್ತದೆ ಎಂಬುದಕ್ಕೆ 1924ನೇ ಇಸವಿ ಎರಡು ಅಪೂರ್ವ ಸಾಕ್ಷ್ಯಗಳನ್ನು ಬಿಟ್ಟುಹೋಗಿದೆ. ಮೊದಲನೆಯದು ರಷ್ಯದ ಲೆನಿನ್‌ಗ್ರಾಡ್‌ನದು. ನಾಯಿ, ಗಂಟೆ, ಜೊಲ್ಲು ಎಂದೊಡನೆ ನೆನಪಾಗುವ ಇವಾನ್ ಪಾವ್ಲೊವ್ ಅವರ ಪ್ರಯೋಗಶಾಲೆ ಇದ್ದದ್ದು ಅಲ್ಲಿ. ಆ ವರ್ಷ ಸೆಪ್ಟೆಂಬರ್ 23ರಂದು ನೀವಾ ನದಿ ಉಕ್ಕಿ ನಗರಕ್ಕೆ ನುಗ್ಗಿತು. ನಾಯಿಗೂಡುಗಳಿಗೂ ನೀರು ತುಂಬಿತು. ಸಿಬ್ಬಂದಿ ನಾಯಿಗಳನ್ನು ಈಜಿಸಿಕೊಂಡು ಮುಖ್ಯ ಕಟ್ಟಡಕ್ಕೆ ಸಾಗಿಸಿದರು. ಎಲ್ಲವೂ ಸುಖಾಂತವಾಯಿತು ಎಂದುಕೊಂಡು ಪ್ರಯೋಗ ಮುಂದುವರಿಸಿದಾಗ ಕೆಲವು ನಾಯಿಗಳು ಕಲಿತದ್ದನ್ನೆಲ್ಲ ಮರೆತಂತೆ ವರ್ತಿಸಿದವು. ಚೇತರಿಸಿಕೊಳ್ಳಲು ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕಾಯಿತು. ಹಾಗೆ ಚೇತರಿಸಿಕೊಂಡ ಒಂದು ನಾಯಿಯ ಕೋಣೆಗೆ ಪಾವ್ಲೊವ್ ಅವರ ಸಹೋದ್ಯೋಗಿ ಸ್ಪೆರಾನ್‌ಸ್ಕಿ ಬಾಗಿಲ ಸಂದಿಯಿಂದ ಸ್ವಲ್ಪ ನೀರು ಹರಿಯಬಿಟ್ಟರು. ಪ್ರವಾಹವಲ್ಲ, ನೆಲ ಒದ್ದೆಯಾಗುವಷ್ಟು ನೀರು. ನಾಯಿ ಮತ್ತೆ ಕುಸಿದುಹೋಯಿತು. ಆಟಂ ಬಾಂಬಿಗೆ ಒಮ್ಮೆ ಬೆಚ್ಚಿದ ನಾಯಿ ಮುಂದೆ ಗುಡುಗಿಗೆ, ಬೈಕಿನ ಸೈಲೆನ್ಸರಿನ ಸದ್ದಿಗೆ, ಕೊನೆಗೆ ಬರೀ ಮದ್ದಿನ ವಾಸನೆಗೂ ಮಂಚದ ಕೆಳಗೆ ಸೇರಿಕೊಳ್ಳುವುದು ಏಕೆಂಬುದು ಆ ಒದ್ದೆ ನೆಲದಲ್ಲಿದೆ. ‘ಅಭ್ಯಾಸವಾದರೆ ಸರಿಹೋಗುತ್ತದೆ’ ಎಂದು ಅದನ್ನು ಬಾಲ್ಕನಿಯಲ್ಲಿ ಕಟ್ಟಿಹಾಕುವವರು ಈ ಪ್ರಯೋಗವನ್ನೇ ತಮ್ಮ ನಾಯಿಯ ಮೇಲೆ ಪ್ರತಿವರ್ಷ ಮಾಡುತ್ತಿರುತ್ತಾರೆ.

ಎರಡನೆಯ ಸಾಕ್ಷ್ಯ ಅಮೆರಿಕದ್ದು. ಅದೇ ವರ್ಷ ಮೇರಿ ಕವರ್ ಜೋನ್ಸ್ ಎಂಬ ತರುಣಿ ಪೀಟರ್ ಎಂಬ ಪುಟ್ಟ ಹುಡುಗನ ಮೇಲಿನ ಅಧ್ಯಯನವನ್ನು ಪ್ರಕಟಿಸಿದರು. ಇನ್ನೂ ಮೂರು ತುಂಬಿರದ ಪೀಟರ್‌ಗೆ ಮೊಲ ಕಂಡರೆ ಭಯ. ಬೇರೆ ಮಕ್ಕಳ ಜೊತೆ ಬಿಟ್ಟು ಅಭ್ಯಾಸ ಮಾಡಿಸಿದಾಗ ಸ್ವಲ್ಪ ಸುಧಾರಿಸಿದ್ದ. ನಡುವೆ ಜ್ವರ ಬಂದು ಆಸ್ಪತ್ರೆ ಸೇರಿದ. ಅಲ್ಲಿಂದ ಹೊರಡುವಾಗ ದೊಡ್ಡದೊಂದು ನಾಯಿ ಮೈಮೇಲೆ ಎಗರಿ, ಗಳಿಸಿದ್ದೆಲ್ಲ ಕಳೆದುಹೋಯಿತು! ಆಗ ಜೋನ್ಸ್ ಬೇರೆ ದಾರಿ ಹಿಡಿದರು. ಹುಡುಗ ತನಗಿಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದಲ್ಲಿದ್ದ ಮೊಲವನ್ನು, ಅವನು ಊಟ ಬಿಡದಷ್ಟು ದೂರದಲ್ಲಿ ಇಟ್ಟರು. ದಿನದಿನಕ್ಕೆ ತುಸುತುಸುವೇ ಹತ್ತಿರ ತಂದರು. ಕೊನೆಗೆ ಪೀಟರ್ ಮೊಲವನ್ನು ಮುಟ್ಟಿ ಆಡಿದ. ಈಗಿನ ಉಪದೇಶದ ಲೆಕ್ಕದಲ್ಲಿ ಹೆದರುವ ಮಗುವಿಗೆ ತಿಂಡಿ ಕೊಟ್ಟದ್ದರಿಂದ ಅವನ ಭಯ ಹೆಚ್ಚಬೇಕಿತ್ತು. ಆದದ್ದು ತದ್ವಿರುದ್ಧ. ಮುಂದೆ ಜೋಸೆಫ್ ವೋಲ್ಪೆ ಬೆಕ್ಕುಗಳ ಮೇಲೆ ಇದೇ ಬಗೆಯ ಪ್ರಯೋಗ ಮಾಡಿ, 1958ರಲ್ಲಿ ಅದನ್ನು ಮನುಷ್ಯರ ಭಯಚಿಕಿತ್ಸೆಯ ಪದ್ಧತಿಯಾಗಿ ಬೆಳೆಸಿದರು. ಪಶುವೈದ್ಯರು ಇಂದು ನಾಯಿಗಳಿಗೆ ಹೇಳುವುದೂ ಇದನ್ನೇ.

ಪಟಾಕಿಗೆ ಇದು ನಡೆಯುತ್ತದೆಯೇ ಎಂದು ಕೇಳಬಹುದು. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸ್ಟೆಫನಿ ರೀಮರ್ 2020ರಲ್ಲಿ 1,225 ನಾಯಿಗಳ ಮಾಲೀಕರಿಂದ ಉತ್ತರ ಪಡೆದು, ಸಿಡಿಮದ್ದಿನ ಭಯಕ್ಕೆ ಯಾವ ಉಪಾಯ ಫಲಿಸಿತು ಎಂದು ಲೆಕ್ಕ ಹಾಕಿದರು. ಸದ್ದು ಬಂದೊಡನೆ ತಿಂಡಿ ಕೊಡುವುದು ಅಥವಾ ಆಟವಾಡಿಸುವುದು ಸುಮಾರು 70 ಶೇಕಡಾ ಮಂದಿಗೆ ಫಲ ಕೊಟ್ಟಿತ್ತು. ವೈದ್ಯರು ಬರೆದುಕೊಟ್ಟ ಔಷಧಿಗಳದೂ ಹೆಚ್ಚುಕಡಿಮೆ ಅಷ್ಟೇ. ಇದು ಮಾಲೀಕರ ಅಭಿಪ್ರಾಯವಷ್ಟೇ ಅಲ್ಲವೇ, ತಾವು ಮಾಡಿದ್ದು ಫಲಿಸಿತು ಎಂದುಕೊಳ್ಳುವ ಆಸೆ ಎಲ್ಲರಿಗೂ ಇರುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಅದೇ ಸಮೀಕ್ಷೆಯೊಳಗಿದೆ. ಹೋಮಿಯೋಪಥಿ, ಗಿಡಮೂಲಿಕೆ, ಸುಗಂಧತೈಲ, ಪೂರಕ ಆಹಾರ, ಗೋಡೆಗೆ ಸಿಕ್ಕಿಸುವ ಫೆರೊಮೋನ್ ಬಾಟಲಿ, ಇವೆಲ್ಲ 27ರಿಂದ 35 ಶೇಕಡಾದೊಳಗೇ ನಿಂತವು. ಬರೀ ಆಸೆಯಿಂದ ಎಷ್ಟು ಅಂಕ ಬೀಳುತ್ತದೆ ಎಂಬುದಕ್ಕೆ ಅದನ್ನೇ ಅಳತೆಗೋಲಾಗಿ ಹಿಡಿಯಬಹುದು. ಎಪ್ಪತ್ತು ಅದರ ಇಮ್ಮಡಿ. ಮೈಗೆ ಬಿಗಿಯಾಗಿ ಸುತ್ತುವ ಅಂಗಿ 44ರಲ್ಲಿದೆ. ನಾಯಿ ಒಪ್ಪಿದರೆ ಹಾಕಿ, ದುಬಾರಿ ಬೆಲೆ ಕೊಟ್ಟು ನಂಬಿ ಕೂರಬೇಡಿ. ಹಬ್ಬದ ಮುಂಚೆ ಆನ್‌ಲೈನ್ ಅಂಗಡಿಗಳಲ್ಲಿ ‘ಶಾಂತಿ ಕೊಡುವ’ ಎಂಬ ಹೆಸರು ಹೊತ್ತು ಬರುವ ಬಹುಪಾಲು ಸರಕು ಆ ಕೆಳಗಿನ ಸಾಲಿನದು.

ತಿಂಡಿಯ ವಿಷಯದಲ್ಲಿ ಕ್ರಮ ಮುಖ್ಯ. ಸದ್ದು ಮೊದಲು, ತಿಂಡಿ ಆಮೇಲೆ. ಮೊದಲೇ ತಿಂಡಿ ತೋರಿಸಿದರೆ ಡಬ್ಬದ ಮುಚ್ಚಳ ತೆಗೆಯುವ ಸದ್ದೇ ಅಪಾಯದ ಸೂಚನೆಯಾಗಿಬಿಡುತ್ತದೆ. ಮರಿಯಿದ್ದಾಗಿನಿಂದಲೇ ಕುಕ್ಕರಿನ ಸೀಟಿ, ಪಾತ್ರೆ ಬಿದ್ದ ಶಬ್ದ, ದೂರದ ಒಂದು ಪಟಾಕಿ, ಪ್ರತಿಯೊಂದರ ಬೆನ್ನಿಗೂ ಬೇಯಿಸಿದ ಕೋಳಿಯ ಒಂದು ಚೂರು ಸಿಕ್ಕುತ್ತಾ ಹೋದರೆ ಸಾಕು. ಈಗಾಗಲೇ ಹೆದರುವ ನಾಯಿಗೆ, ಧ್ವನಿಮುದ್ರಿಸಿದ ಪಟಾಕಿ ಸದ್ದನ್ನು ಅದು ಕಿವಿ ನಿಮಿರಿಸುವಷ್ಟು ಮಾತ್ರ ಇಟ್ಟು ಶುರುಮಾಡಬೇಕು. ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು, ಪ್ರೀತಿಯ ತಿಂಡಿಯನ್ನೂ ಮೂಸಿ ಬಿಡುವುದು, ಇವು ಕಂಡರೆ ಸದ್ದು ಹೆಚ್ಚಾಯಿತೆಂದು ಅರ್ಥ. ಫೋನಿನ ಸಣ್ಣ ಸ್ಪೀಕರಿಗೆ ಸ್ಫೋಟದ ಆ ‘ಧಂ’ ಬರುವುದಿಲ್ಲವಾದ್ದರಿಂದ ದೊಡ್ಡ ಸ್ಪೀಕರ್ ಒಳ್ಳೆಯದು. ಇದು ತಿಂಗಳುಗಳ ಕೆಲಸ, ಹಬ್ಬದ ಹಿಂದಿನ ದಿನ ಶುರುಮಾಡುವಂಥದ್ದಲ್ಲ.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಹಳ್ಳಿಯ ಅಂಗಳದ ನಾಯಿಯನ್ನು ಯಾರು ಮುದ್ದು ಮಾಡಿದ್ದರು, ಅದು ಬದುಕಲಿಲ್ಲವೇ ಎನ್ನುವವರುಂಟು. ಇದಕ್ಕೆ ಉತ್ತರ ಹುಡುಕಲು ಇಲಿಗಳ ಕಡೆ ಹೋಗಬೇಕು. 1970ರ ಆಸುಪಾಸಿನಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೇ ವೈಸ್ ಇಲಿಗಳ ಬಾಲಕ್ಕೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ನೋಡಿದರು. ಎರಡು ಇಲಿಗಳಿಗೆ ಬೀಳುವ ಆಘಾತ ಒಂದೇ. ಒಂದಕ್ಕೆ ಮುಂಚಿತವಾಗಿ ಸದ್ದಿನ ಸೂಚನೆ ಸಿಗುತ್ತದೆ, ಇನ್ನೊಂದಕ್ಕೆ ಯಾವಾಗ ಬೀಳುವುದೋ ಗೊತ್ತಿಲ್ಲ. ಸೂಚನೆಯಿಲ್ಲದ ಇಲಿಯ ಹೊಟ್ಟೆಯಲ್ಲಿ ಎಷ್ಟೋ ಹೆಚ್ಚು ಹುಣ್ಣು. ಚಕ್ರ ತಿರುಗಿಸಿ ಆಘಾತ ನಿಲ್ಲಿಸಲು ಅವಕಾಶವಿದ್ದ ಇಲಿಗೂ, ಅಷ್ಟೇ ಆಘಾತ ತಿಂದರೂ ಏನೂ ಮಾಡಲಾರದ ಇಲಿಗೂ ಇದೇ ಬಗೆಯ ವ್ಯತ್ಯಾಸ. ಪೆಟ್ಟಿಗಿಂತ ಪೆಟ್ಟಿನ ಅನಿಶ್ಚಿತತೆ, ತಪ್ಪಿಸಿಕೊಳ್ಳಲಾಗದ ಅಸಹಾಯಕತೆ ದೊಡ್ಡವು. ಅಂಗಳದ ನಾಯಿಗೆ ಹಿತ್ತಲಿತ್ತು, ಬಣವೆಯ ಸಂದಿಯಿತ್ತು, ಗದ್ದೆಯಾಚೆ ಓಡಲು ದಾರಿಯಿತ್ತು. ಮೂರನೇ ಮಹಡಿಯ ಫ್ಲಾಟಿನ ನಾಯಿಗೆ ಇವು ಯಾವುವೂ ಇಲ್ಲ. ಮಂಚದ ಕೆಳಗೆ, ಸ್ನಾನದ ಮನೆಯ ಮೂಲೆಗೆ ತಾನೇ ಹೋಗಿ ಸೇರಿಕೊಂಡರೆ ಅದನ್ನು ಎಳೆದು ತರಬಾರದು ಎನ್ನುವುದು ಅದಕ್ಕೇ. ಅದರ ಕೈಯಲ್ಲಿರುವ ಒಂದೇ ಚಕ್ರ ಅದು. ಅಲ್ಲೇ ಹಳೇ ಹೊದಿಕೆ ಹಾಸಿ, ಪರದೆ ಎಳೆದು, ಫ್ಯಾನೋ ಟಿವಿಯೋ ಹಾಕಿ, ಪಕ್ಕದಲ್ಲಿ ಕೂತುಕೊಳ್ಳಿ.

ನಾಯಿಗೆ ನಮಗಿಂತ ನಾಲ್ಕು ಪಟ್ಟು ಜೋರಾಗಿ ಕೇಳಿಸುತ್ತದೆ ಎಂಬ ಮಾತನ್ನು ಈ ಋತುವಿನಲ್ಲಿ ಬಹಳ ಓದುತ್ತೇವೆ. ಅದರ ಕಿವಿ ಸುಮಾರು 45,000 ಹರ್ಟ್ಸ್‌ವರೆಗೆ ಮುಟ್ಟುತ್ತದೆ, ನಮ್ಮದು 20,000ಕ್ಕೆ ನಿಲ್ಲುತ್ತದೆ ಎಂಬುದು ನಿಜ. ಆದರೆ ಗುಂಡಿನ ಆಳವಾದ ಸದ್ದಿನ ಮಟ್ಟದಲ್ಲಿ ಅದರ ಕಿವಿ ನಮ್ಮದಕ್ಕಿಂತ ಚುರುಕೇನಲ್ಲ. ಪಟಾಕಿಯ ಸದ್ದಿಗೆ ಕಾನೂನು ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬೆಲ್ ಎಂದು ಮಿತಿ ಹಾಕಿದೆ. ಅದು ಯಾವ ಕಿವಿಗೂ ಹಿತವಲ್ಲ, ಆದರೆ ಡೆಸಿಬೆಲ್ಲಿಗಿಂತ ಗಡಿಯಾರ ಮುಖ್ಯ ಎನ್ನುವುದು ವೈಸ್ ಅವರ ಇಲಿಗಳ ಪಾಠ. ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 23ರಂದು ದೀಪಾವಳಿಗೆ ರಾತ್ರಿ 8ರಿಂದ 10 ಎಂದು ಸಮಯ ಗೊತ್ತುಮಾಡಿತು. ಆ ತೀರ್ಪು ಪಾಲನೆಯಾದರೆ ಪ್ರಾಣಿಗಳಿಗೆ ಆಗುವ ಲಾಭ ಹಸಿರು ಪಟಾಕಿಯಿಂದ ಆಗುವುದಕ್ಕಿಂತ ಹೆಚ್ಚು ಎಂದು ನನ್ನ ಅಂದಾಜು. ನಡೆಯುವುದೇ ಬೇರೆ: ನರಕ ಚತುರ್ದಶಿಯ ಬೆಳಗಿನ ಜಾವದ ಎಣ್ಣೆಸ್ನಾನಕ್ಕೊಂದು ಸರ, ಬಲಿಪಾಡ್ಯಮಿ ಮುಗಿದರೂ ಉಳಿದ ಡಬ್ಬಿ ಖಾಲಿ ಮಾಡಲು ಮಧ್ಯಾಹ್ನಕ್ಕೊಂದು. ಕಾದು ಕೂತ ನಾಯಿಗೆ ಮುಗಿಯಿತೆನ್ನುವ ಗಳಿಗೆ ಬರುವುದೇ ಇಲ್ಲ.

ಇಂಥ ಅನಿಶ್ಚಿತತೆಯಿಂದ ಕಂಗೆಡಲು ಬೆಕ್ಕಿಗೆ ಪಟಾಕಿಯೂ ಬೇಕಿಲ್ಲ, ದಿನಚರಿ ತಪ್ಪಿದರೆ ಸಾಕು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟದ ಹೊತ್ತು, ನೋಡಿಕೊಳ್ಳುವ ಮನುಷ್ಯ ಬದಲಾದ ವಾರಗಳಲ್ಲಿ ಆರೋಗ್ಯವಾಗಿದ್ದ ಬೆಕ್ಕುಗಳೂ ಊಟ ಬಿಟ್ಟವು, ಕಂಡಲ್ಲಿ ಗಲೀಜು ಮಾಡಿದವು. ರಜೆಗೆ ಊರಿಗೆ ಹೊರಟವರು ಬೆಕ್ಕನ್ನು ಬುಟ್ಟಿಯಲ್ಲಿ ಕರೆದೊಯ್ಯುವುದಕ್ಕಿಂತ, ಪರಿಚಯದವರೊಬ್ಬರು ದಿನಾ ಅದೇ ಹೊತ್ತಿಗೆ ಮನೆಗೆ ಬಂದು ಅದೇ ತಟ್ಟೆಯಲ್ಲಿ ಊಟ ಹಾಕುವಂತೆ ಮಾಡುವುದು ಲೇಸು.

ಭಯ ತೀವ್ರವಾಗಿರುವ ನಾಯಿಗೆ ಔಷಧಿ ಬೇಕೇ ಬೇಕು, ಅದರಲ್ಲಿ ನಾಚಿಕೆಯಿಲ್ಲ. ಆದರೆ ಯಾವ ಔಷಧಿ ಎಂದು ಕೇಳಿ. ಹಿಂದಿನಿಂದ ಬಳಕೆಯಲ್ಲಿರುವ ಅಸಿಪ್ರೊಮಜಿನ್ ಒಂದನ್ನೇ ಕೊಟ್ಟರೆ ನಾಯಿ ಸುಮ್ಮನೆ ಬಿದ್ದಿರುತ್ತದೆ. ಮೈ ಅಲುಗದಂತಾಗುತ್ತದೆ, ಹೆದರಿಕೆ ಹಾಗೇ ಇರುತ್ತದೆ. ಭಯವನ್ನೇ ತಗ್ಗಿಸುವ ಗುಳಿಗೆಗಳು ಈಗ ಇವೆ, ಅವುಗಳ ಪ್ರಮಾಣವನ್ನು ವೈದ್ಯರು ತೂಕ ನೋಡಿ ಹೇಳಬೇಕು. ಮನೆಯ ಔಷಧಿ ಡಬ್ಬಿಗೆ ಮಾತ್ರ ಕೈ ಹಾಕಬೇಡಿ, ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಹಬ್ಬದ ದಿನ ವಾಕಿಂಗ್ ಮಧ್ಯಾಹ್ನವೇ ಮುಗಿಸಿ, ಕತ್ತಿನ ಪಟ್ಟಿಯ ಮೇಲೆ ಫೋನ್ ನಂಬರು ಅಳಿಸಿಲ್ಲ ತಾನೇ ಎಂದು ನೋಡಿ. ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಹಬ್ಬಕ್ಕೆ ಒಂದು ವಾರ ಮೊದಲೇ, ಸದ್ದುಗದ್ದಲವಿಲ್ಲದ ದಿನ ಒಮ್ಮೆ ಕೊಟ್ಟು ಹೇಗಿರುತ್ತದೆ ಎಂದು ಗಮನಿಸಿಕೊಳ್ಳಿ. ಮೊದಲ ಪಟಾಕಿ ಸಿಡಿದ ಮೇಲೆ ಕೊಟ್ಟ ಗುಳಿಗೆ ಕೆಲಸ ಮಾಡುವುದು ಕಡಿಮೆ.