ಟೆಸ್ಟ್ ರೈಡ್‌ಗೆ ಡಿಪಾಸಿಟ್ ಕೇಳಿದ್ರೆ ಕೊಡಬೇಕಾ?

"ಅಣ್ಣಾ, ಒಂದ್ ರೌಂಡ್ ಹೊಡ್ಕೊಂಡ್ ಬರ್ಲೇನ್ರಿ?"

ಸೆಕೆಂಡ್ ಹ್ಯಾಂಡ್ ಗಾಡಿ ಅಂಗಡಿ ಮುಂದೆ ನಿಂತ ಯಾವ ಸ್ಟೂಡೆಂಟ್ ಆದ್ರೂ ಕೇಳೋ ಪ್ರಶ್ನೆ ಇದು. ಉತ್ತರ ಮಾತ್ರ ಅಂಗಡಿಗೊಂದು ಥರ. ಒಬ್ಬರು ಸುಮ್ಮನೆ ಕೀ ಕೊಡ್ತಾರೆ. ಇನ್ನೊಬ್ಬರು "ಯಾವೂರು? ಯಾರ ಮಗ ನೀ?" ಅಂತ ವಿಚಾರಿಸಿ ಕೊಡ್ತಾರೆ. ಮತ್ತೊಬ್ಬರು "ಎರಡು ಸಾವಿರ ಇಟ್ಟು ಹೋಗ್ರಿ, ಬಂದ್ ಮ್ಯಾಲೆ ತಗೊಳ್ರಿ" ಅಂತಾರೆ. ಈ ಮೂರನೇ ಉತ್ತರ ಕೇಳಿದ ಕೂಡಲೇ ನಮಗೆ ಸಿಟ್ಟು ಬರುತ್ತೆ. ಗಾಡಿ ತಗೊಳ್ಳೋಕೆ ಬಂದವರನ್ನ ಕಳ್ಳರ ಥರ ನೋಡ್ತಾರಲ್ಲ ಅಂತ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯಿಂದ ಬಂದ ನಮ್ಮಲ್ಲಿ ಹಲವರಿಗೆ ಮೊದಲ ಗಾಡಿ ಅಂದ್ರೆ ಹಳೇ ಗಾಡಿನೇ. ಮನೆಯವರು ಗೋವಿನಜೋಳದ ರೊಕ್ಕದಲ್ಲೋ, ಸಂಘದ ಸಾಲದಲ್ಲೋ ಹೊಂದಿಸಿ ಕೊಟ್ಟ ದುಡ್ಡು ಅದು. ಓಡಿಸಿ ನೋಡದೇ ತಗೊಂಡ್ರೆ ಮೋಸ ಹೋಗೋದು ನಾವೇ. ಓಡಿಸೋಕೆ ಕೊಟ್ಟು ಗಾಡಿ ಕಳ್ಕೊಂಡ್ರೆ ಮುಳುಗೋದು ಅಂಗಡಿಯವರು. ಹಾಗಾಗಿ ಇದನ್ನ ಸಿಟ್ಟು ಬದಿಗಿಟ್ಟು ಲೆಕ್ಕ ಹಾಕಿ ನೋಡೋಣ.

ಮೊದಲು ಅಂಗಡಿಯವರ ಲೆಕ್ಕ

ಉದಾಹರಣೆಗೆ ಹೀಗೆ ಇಟ್ಕೊಳ್ಳಿ. ₹45,000ಕ್ಕೆ ತಂದ ಗಾಡಿಗೆ ಸರ್ವಿಸ್, ಟೈರು, ಬ್ಯಾಟರಿ ಅಂತ ₹2,000 ಹಾಕಿ ₹50,000ಕ್ಕೆ ಮಾರಿದ್ರೆ ಉಳಿಯೋದು ₹3,000. ಆ ಗಾಡಿ ಟೆಸ್ಟ್ ರೈಡ್‌ಗೆ ಹೋಗಿ ವಾಪಸ್ ಬರಲಿಲ್ಲ ಅಂದ್ರೆ ನಷ್ಟ ₹47,000. ಅದನ್ನ ತುಂಬಿಸೋಕೆ ಇನ್ನೂ 16 ಗಾಡಿ ಮಾರಬೇಕು.

ಪ್ರೊಬ್ಯಾಬಿಲಿಟಿ ಓದಿದವರು ಇಲ್ಲಿ ಒಂದು ಮಾತು ಹೇಳಬಹುದು: ಸಾವಿರ ರೈಡ್‌ಗೆ ಒಂದು ಗಾಡಿ ಹೋದ್ರೂ ಸರಾಸರಿ ನಷ್ಟ ರೈಡಿಗೆ ₹47 ಅಷ್ಟೇ, ಇದಕ್ಕೆ ಯಾಕಿಷ್ಟು ಹೆದರಿಕೆ? ಲೆಕ್ಕ ಸರಿ. ಆದ್ರೆ ಸರಾಸರಿ ಕೆಲಸ ಮಾಡೋದು ದೊಡ್ಡ ಸಂಖ್ಯೆಯಲ್ಲಿ. ಎಂಟು-ಹತ್ತು ಗಾಡಿ ನಿಲ್ಲಿಸ್ಕೊಂಡ ಅಂಗಡಿಗೆ ಆ ಒಂದು ಘಟನೆ ಹತ್ತನೇ ರೈಡಲ್ಲೇ ಆಗಿಬಿಟ್ರೆ, ಉಳಿದ 990 ರೈಡ್‌ವರೆಗೆ ಅಂಗಡಿ ಉಳಿದಿರಬೇಕಲ್ಲ.

ಕಂಪನಿ ಶೋರೂಮ್ ಕಥೆ ಬೇರೆ. ಅಲ್ಲಿ ಟೆಸ್ಟ್ ರೈಡ್‌ಗೆ ಅಂತಲೇ ಡೆಮೊ ಗಾಡಿ ಇಟ್ಟಿರ್ತಾರೆ, ಜೊತೆಗೆ ಬರೋಕೆ ಹುಡುಗರಿರ್ತಾರೆ, ಆ ಖರ್ಚು ಅವರ ವ್ಯಾಪಾರದ ಭಾಗ. ಅಂಥ ಕಡೆ ಡಿಪಾಸಿಟ್ ಕೇಳೋಕೆ ಕಾರಣ ಕಾಣಲ್ಲ. ನಿಜವಾದ ಪ್ರಶ್ನೆ ಇರೋದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ.

ನಮ್ಮ ತಾಲೂಕುಗಳಿಗೆ ಇನ್ನೊಂದು ವಿಶೇಷ ಇದೆ. ಮ್ಯಾಪ್ ನೋಡಿ, ನಾಲ್ಕೂ ಹಾವೇರಿ ಜಿಲ್ಲೆಯ ಅಂಚಿನಲ್ಲೇ ಇವೆ. ಹಾನಗಲ್ಲ ದಾಟಿದ್ರೆ ಮುಂಡಗೋಡ, ಶಿರಸಿ ಕಡೆ ಉತ್ತರ ಕನ್ನಡ. ಸವಣೂರಿನಿಂದ ಲಕ್ಷ್ಮೇಶ್ವರದ ಕಡೆ ಹೋದ್ರೆ ಗದಗ ಜಿಲ್ಲೆ. ಹಿರೇಕೆರೂರಿನಿಂದ ಶಿಕಾರಿಪುರದ ಕಡೆ ಹೋದ್ರೆ ಶಿವಮೊಗ್ಗ ಜಿಲ್ಲೆ. ಶಿಗ್ಗಾಂವಿ ಅಂತೂ ರಾಷ್ಟ್ರೀಯ ಹೆದ್ದಾರಿ 48ರ ಮೇಲೇ ಇದೆ, ನೇರ ಹುಬ್ಬಳ್ಳಿ. ಒಂದು ಲೀಟರ್ ಪೆಟ್ರೋಲಿಗೆ 50 ಕಿ.ಮೀ. ಓಡೋ ಗಾಡಿ, ಅಂಗಡಿಯವರು ಫೋನ್ ತೆಗೆಯೋಷ್ಟರಲ್ಲಿ ಕೆಎ-27 ಜಿಲ್ಲೆ ದಾಟಿರುತ್ತೆ.

ಡಿಪಾಸಿಟ್ ಮಾಡೋ ಕೆಲಸ, ಮಾಡದ ಕೆಲಸ

ಈಗ ₹2,000 ಡಿಪಾಸಿಟ್ ತಗೊಂಡ್ರು ಅನ್ನೋಣ. ಕಳ್ಳತನ ನಿಲ್ಲುತ್ತಾ? ಇಲ್ಲ. ಕದಿಯೋಕಂತಲೇ ಬಂದವನಿಗೆ ₹50,000ದ ಗಾಡಿ ₹2,000ಕ್ಕೆ ಸಿಕ್ಕ ಹಾಗಾಯ್ತು. ಕಳ್ಳನನ್ನ ದುಡ್ಡಿನಿಂದಲೇ ತಡೀಬೇಕು ಅಂದ್ರೆ ಡಿಪಾಸಿಟ್ ಗಾಡಿ ಬೆಲೆ ಹತ್ತಿರ ಇರಬೇಕು. ಅಷ್ಟು ಕೇಳಿದ್ರೆ ಸ್ಟೂಡೆಂಟ್ ಯಾರೂ ಟೆಸ್ಟ್ ರೈಡ್ ಮಾಡೋಕಾಗಲ್ಲ.

ಹಾಗಾದ್ರೆ ಡಿಪಾಸಿಟ್ ವೇಸ್ಟಾ? ಅದೂ ಅಲ್ಲ. ಅದು ಎರಡು ಸಣ್ಣ ಕೆಲಸ ಚೆನ್ನಾಗಿ ಮಾಡುತ್ತೆ. ಒಂದು, ಸಣ್ಣ ಪೆಟ್ಟಿನ ಖರ್ಚು. ಗಾಡಿ ಬಿದ್ರೆ ಕ್ಲಚ್ ಲಿವರ್, ಇಂಡಿಕೇಟರ್, ಮಿರರ್, ಫುಟ್‌ರೆಸ್ಟ್ ಹೋಗ್ತವೆ. ಕಳ್ಳತನಕ್ಕಿಂತ ಇದೇ ಹೆಚ್ಚು ಆಗೋದು, "ನಾ ಬೀಳಿಸಿಲ್ಲ, ಮೊದ್ಲೇ ಹಂಗ ಇತ್ತು" ಅನ್ನೋ ಜಗಳನೂ ಇದಕ್ಕೇ. ಎರಡು, ಗಾಡಿ ತಗೊಳ್ಳೋ ಮನಸ್ಸೇ ಇಲ್ಲದೆ ಸುಮ್ಮನೆ ರೌಂಡ್ ಹೊಡೆಯೋಕೆ ಬರೋ ಮಂದಿ ಕಮ್ಮಿ ಆಗ್ತಾರೆ.

ಕಳ್ಳತನ ತಡೆಯೋದು ಗುರುತು. ಯಾರು ಗಾಡಿ ಒಯ್ದರು, ಅವರ ಲೈಸೆನ್ಸ್ ನಿಜಾನಾ, ಫೋನ್ ನಂಬರ್ ಅವರದ್ದೇನಾ, ಅಂಗಡಿಯವರು ಯಾರಾದ್ರೂ ಹಿಂದೆ ಕೂತಿದ್ದಾರಾ, ಟ್ಯಾಂಕಲ್ಲಿ ಎಷ್ಟು ಎಣ್ಣೆ ಇದೆ. 200 ಮಿ.ಲೀ. ಪೆಟ್ರೋಲ್ ಅಂದ್ರೆ ಸುಮಾರು 10 ಕಿ.ಮೀ., ಟೆಸ್ಟ್ ರೈಡಿಗೆ ಅದು ಸಾಕು. ಗುರುತಿನ ಕೆಲಸವನ್ನ ಡಿಪಾಸಿಟ್ಟಿಗೆ ಹೊರಿಸಿದ್ರೆ ಒಳ್ಳೆಯವರಿಗೆ ತೊಂದರೆ, ಕಳ್ಳನಿಗೆ ರಿಯಾಯಿತಿ.

ಪರಿಚಯವೂ ಒಂದು ಡಿಪಾಸಿಟ್ಟೇ

"ನಮ್ಮೂರಲ್ಲಿ ಇದೆಲ್ಲ ಯಾಕ್ ಬೇಕು, ಮುಖ ನೋಡಿದ್ರೆ ಗೊತ್ತಾಗುತ್ತೆ" ಅನ್ನೋರು ಇದ್ದಾರೆ. ಬಾಡಿಗೆ ಸೈಕಲ್ ಕಾಲದಲ್ಲೂ ಹೀಗೇ ಇತ್ತು. ಗುರುತಿದ್ದ ಹುಡುಗರಿಗೆ ಹೆಸರು, ಟೈಮು ಬರ್ಕೊಂಡು ಸೈಕಲ್ ಕೊಡ್ತಿದ್ರು. ಗುರುತಿಲ್ಲದವರು ಗುರುತಿದ್ದವರನ್ನ ಕರ್ಕೊಂಡು ಬರಬೇಕಿತ್ತು.

ಇದು ಡಿಪಾಸಿಟ್ ಇಲ್ಲದ ಪದ್ಧತಿ ಅಂತ ನಾವು ಅನ್ಕೊಳ್ತೀವಿ. ಆದ್ರೆ ಅಲ್ಲೂ ಒಂದು ಒತ್ತೆ ಇತ್ತು: ಅಪ್ಪನ ಹೆಸರು, ಮನೆತನ, ಓಣಿಯ ಮರ್ಯಾದೆ. ಆ ಒತ್ತೆ ಎಲ್ಲರ ಹತ್ರ ಸಮ ಇರಲ್ಲ. ಪೇಟೆಯಲ್ಲಿ ಅಂಗಡಿ ಇದ್ದವರ ಮಗನಿಗೆ ಒಂದು ಮಾತಿಗೆ ಕೀ ಸಿಗುತ್ತೆ. ದೂರದ ಹಳ್ಳಿಯ ಕೂಲಿಯವರ ಮಗನಿಗೆ, ಬೇರೆ ಜಿಲ್ಲೆಯಿಂದ ಬಂದ ಸ್ಟೂಡೆಂಟ್‌ಗೆ, ಸ್ಕೂಟಿ ನೋಡೋಕೆ ಒಬ್ಬಳೇ ಬಂದ ಹುಡುಗಿಗೆ "ಮನೆಯವರನ್ನ ಕರ್ಕೊಂಡ್ ಬಾ" ಅಂತಾರೆ. "ಯಾರ ಪೈಕಿ?" ಅನ್ನೋ ಪ್ರಶ್ನೆಯಲ್ಲಿ ಬರೀ ಊರು ಮಾತ್ರ ಇರಲ್ಲ ಅಂತ ನಮಗೆಲ್ಲ ಗೊತ್ತು.

ಹೀಗೆ ನೋಡಿದ್ರೆ ಎಲ್ಲರಿಗೂ ಒಂದೇ ಮೊತ್ತ ಅಂತ ಗೋಡೆ ಮೇಲೆ ಬರೆದ ₹1,000 ಡಿಪಾಸಿಟ್, ಮುಖ ನೋಡಿ ಕೀ ಕೊಡೋದಕ್ಕಿಂತ ಹೆಚ್ಚು ನ್ಯಾಯ. ಒಬ್ಬರಿಗೆ ಕೇಳಿ ಒಬ್ಬರಿಗೆ ಬಿಡೋ ಡಿಪಾಸಿಟ್ ಮಾತ್ರ ಅವಮಾನ.

ಕಾನೂನು ಏನನ್ನುತ್ತೆ?

ಟೆಸ್ಟ್ ರೈಡ್‌ಗೆ ಡಿಪಾಸಿಟ್ ತಗೊಳ್ಳಲೇಬೇಕು ಅಂತಾಗಲಿ, ತಗೊಳ್ಳಬಾರದು ಅಂತಾಗಲಿ ಮೋಟಾರು ವಾಹನ ಕಾಯ್ದೆಯಲ್ಲಿಲ್ಲ. ಅದು ಇಬ್ಬರ ನಡುವಿನ ಒಪ್ಪಂದ. ಆದ್ರೆ ಸುತ್ತಮುತ್ತ ಹಲವು ನಿಯಮಗಳಿವೆ.

ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ರೆ ಕೊಟ್ಟವರ ಮೇಲೂ ಕೇಸು. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 180ರಲ್ಲಿ, 2019ರ ತಿದ್ದುಪಡಿ ನಂತರ, ಮೂರು ತಿಂಗಳವರೆಗೆ ಜೈಲು ಅಥವಾ ₹5,000 ದಂಡ, ಇಲ್ಲವೇ ಎರಡೂ. ಎಷ್ಟೇ ಡಿಪಾಸಿಟ್ ಇಟ್ರೂ ಈ ತಪ್ಪು ಮಾಫಿ ಆಗಲ್ಲ. ಕಲಿಕಾ ಲೈಸೆನ್ಸ್ ಇರೋದು ಹೇಳಿಕೊಡುವವರ ಜೊತೆ ಓಡಿಸಿ ಕಲಿಯೋಕೆ. ಒಬ್ಬರೇ ಟೆಸ್ಟ್ ರೈಡ್ ಹೋಗೋಕೆ ಅದು ಸಾಲದು.

ಹಳೇ ಗಾಡಿಯಲ್ಲಿ ಇನ್ನೊಂದು ತೊಡಕು. ಅಂಗಡಿಯಲ್ಲಿ ನಿಂತಿದ್ರೂ ಆರ್‌ಸಿ ಬಹಳ ಸಲ ಹಿಂದಿನ ಮಾಲೀಕರ ಹೆಸರಲ್ಲೇ ಇರುತ್ತೆ. ಆರ್‌ಸಿಯಲ್ಲಿ ಹೆಸರಿದ್ದವರೇ ಅಪಘಾತದ ಪರಿಹಾರಕ್ಕೆ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅಂದ್ರೆ ಅಂಗಡಿಗೆ ಗಾಡಿ ಕೊಟ್ಟು ಮರೆತುಬಿಟ್ಟ ಯಾವುದೋ ಹಳ್ಳಿಯ ರೈತರ ಮನೆಗೆ, ನಾವು ಮಾಡಿದ ಟೆಸ್ಟ್ ರೈಡಿನ ನೋಟಿಸ್ ಹೋಗಬಹುದು. ಇದನ್ನ ಸರಿಪಡಿಸೋಕೆ ಏಪ್ರಿಲ್ 1, 2023ರಿಂದ ಹೊಸ ನಿಯಮ ಬಂದಿದೆ. ಹಳೇ ಗಾಡಿ ವ್ಯಾಪಾರಿಗಳು ಸಾರಿಗೆ ಇಲಾಖೆಯಿಂದ ಅಧಿಕೃತ ಪತ್ರ ಪಡೆಯಬೇಕು. ಗಾಡಿ ಅವರ ಕೈಗೆ ಬಂತು ಅಂತ ಮಾಲೀಕರು ಇಲಾಖೆಗೆ ತಿಳಿಸಬೇಕು. ಅಲ್ಲಿಂದ ವ್ಯಾಪಾರಿಯೇ ಮಾಲೀಕರ ಲೆಕ್ಕ. ಯಾರು, ಯಾವಾಗ, ಯಾತಕ್ಕೆ ಓಡಿಸಿದ್ರು, ಎಷ್ಟು ಕಿ.ಮೀ. ಅನ್ನೋ ಟ್ರಿಪ್ ರಿಜಿಸ್ಟರ್ ಕೂಡ ಇಡಬೇಕು. ಟೆಸ್ಟ್ ರೈಡ್‌ಗೆ ಬೇಕಾದ ಗುರುತಿನ ವ್ಯವಸ್ಥೆ ಇದರಲ್ಲೇ ಇದೆ, ಪಾಲಿಸಿದ್ರೆ ಸಾಕು.

ಡಿಪಾಸಿಟ್ ಮೊತ್ತಕ್ಕೂ ಮಿತಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ "ಅನ್ಯಾಯದ ಒಪ್ಪಂದ" ಅಂದ್ರೆ ಯಾವುದು ಅಂತ ಹೇಳುವಾಗ ಮೊದಲು ಹೆಸರಿಸೋದೇ ಮಿತಿಮೀರಿದ ಭದ್ರತಾ ಠೇವಣಿಯನ್ನ. ಪೂರ್ತಿ ದುಡ್ಡು ಮುರ್ಕೊಳ್ಳೋ ಹಾಗೂ ಇಲ್ಲ. 1872ರ ಕರಾರು ಕಾಯ್ದೆಯ ಸೆಕ್ಷನ್ 74 ಪ್ರಕಾರ ಸಿಗೋದು ನ್ಯಾಯವಾದ ಪರಿಹಾರ ಮಾತ್ರ. ₹300ರ ಮಿರರ್ ಒಡೆದಿದ್ದಕ್ಕೆ ₹2,000 ಇಟ್ಕೊಳ್ಳೋದು ಅದರಲ್ಲಿ ಬರಲ್ಲ. ಅದೇ ಕಾಯ್ದೆಯ 151, 152ನೇ ಸೆಕ್ಷನ್‌ಗಳು ಇನ್ನೊಂದು ಮಾತು ಹೇಳ್ತವೆ: ಬೇರೆಯವರ ವಸ್ತು ನಮ್ಮ ಕೈಗೆ ಬಂದಾಗ ನಮ್ಮದೇ ವಸ್ತುವಿನಷ್ಟು ಜೋಪಾನ ಮಾಡಬೇಕು, ಅಷ್ಟು ಮಾಡಿಯೂ ಹಾಳಾದ್ರೆ ಹೊಣೆ ನಮ್ಮದಲ್ಲ. ಸವೆದು ನಿಂತಿದ್ದ ಕ್ಲಚ್ ಕೇಬಲ್ ನಮ್ಮ ಕೈಯಲ್ಲಿ ಕಿತ್ತುಹೋದ್ರೆ ದುಡ್ಡು ನಾವು ಕೊಡಬೇಕಾಗಿಲ್ಲ. ಬೀಳಿಸಿದ್ರೆ ಕೊಡಬೇಕು.

ಗಾಡಿ ವಾಪಸ್ ಬರದೇ ಹೋದ್ರೆ? ಕಳ್ಳತನ ಅಂದ್ರೆ ಒಪ್ಪಿಗೆ ಇಲ್ಲದೆ ಒಯ್ಯೋದು. ಇಲ್ಲಿ ಕೀ ಕೊಟ್ಟವರು ಅಂಗಡಿಯವರೇ. ಹಾಗಾಗಿ ಪೊಲೀಸರು ನಂಬಿಕೆ ದ್ರೋಹ ಅಥವಾ ವಂಚನೆ ಅಂತ ಬರೆಯಬಹುದು, ಅದರಿಂದ ಕಳ್ಳತನದ ವಿಮೆ ಕೇಳುವಾಗ ತಕರಾರು ಬರಬಹುದು. ಅಂಗಡಿಯವರು ರಿಜಿಸ್ಟರ್ ಬರೆಯೋಕೆ ಇದೊಂದೇ ಕಾರಣ ಸಾಕು. ಜಿಲ್ಲೆ ದಾಟಿತು ಅಂತ ಮಾತ್ರ ಕೈ ಚೆಲ್ಲಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173 ಪ್ರಕಾರ ಯಾವ ಠಾಣೆಯಲ್ಲಾದ್ರೂ ದೂರು ಕೊಡಬಹುದು.

ಡಿಪಾಸಿಟ್ ಬೇರೆ, ಸಂಚಕಾರ ಬೇರೆ

ದನದ ಸಂತೆಯಲ್ಲಿ ಎತ್ತು ತಗೊಳ್ಳೋರು ಹಲ್ಲು ನೋಡ್ತಾರೆ, ನಡೆಸಿ ನೋಡ್ತಾರೆ, ಆಮೇಲೆ ಮಾತು ಮುಗಿಸಿ ಸಂಚಕಾರ ಕೊಡ್ತಾರೆ. ನೋಡೋದು ಮೊದಲು, ಸಂಚಕಾರ ನಂತರ. ಟೆಸ್ಟ್ ರೈಡಿಗೆ ಅಂತ ತಗೊಂಡ ದುಡ್ಡನ್ನ ಆಮೇಲೆ "ಬುಕಿಂಗ್ ಅಡ್ವಾನ್ಸ್" ಅಂತ ತಿರುಗಿಸೋರ ಹತ್ರ ಹುಷಾರಾಗಿರಬೇಕು. ಗಾಡಿ ಇಷ್ಟ ಆಗ್ಲಿಲ್ಲ ಅಂದ್ರೆ ಡಿಪಾಸಿಟ್ ವಾಪಸ್ ಬರಬೇಕು, ಅದಕ್ಕೆ ಕಾರಣ ಹೇಳಬೇಕಾಗೂ ಇಲ್ಲ.

ಹಾಗಾದ್ರೆ ಹೇಗಿರಬೇಕು?

ಸೆಕೆಂಡ್ ಹ್ಯಾಂಡ್ ಅಂಗಡಿಯವರು ಸಣ್ಣ ಡಿಪಾಸಿಟ್ ಕೇಳೋದು ತಪ್ಪಲ್ಲ, ಆದ್ರೆ ಗುರುತು ನೋಡದೆ ಬರೀ ಡಿಪಾಸಿಟ್ ಕೇಳೋದು ಅರ್ಧ ಕೆಲಸ. ಇದು ನಮ್ಮ ಅಭಿಪ್ರಾಯ. ಕೀ ಇಸ್ಕೊಳ್ಳೋ ಮೊದಲು ಇಷ್ಟು ನೋಡ್ಕೊಳ್ಳಿ:

1. ಮೊತ್ತ ಎಲ್ಲರಿಗೂ ಒಂದೇನಾ? ಸಣ್ಣ ರಿಪೇರಿ ಖರ್ಚಿನಷ್ಟೇ ಇದೆಯಾ? ₹1,000–2,000 ದಾಟಿದ್ರೆ ಯಾಕೆ ಅಂತ ಕೇಳಿ.

2. ದುಡ್ಡು ಯುಪಿಐನಲ್ಲಿ ಹಾಕಿ, ನೋಟ್‌ನಲ್ಲಿ "ಟೆಸ್ಟ್ ರೈಡ್ ಡಿಪಾಸಿಟ್, ವಾಪಸ್" ಅಂತ ಬರೀರಿ. ಕ್ಯಾಶ್ ಆದ್ರೆ ಒಂದು ಚೀಟಿ ಇಸ್ಕೊಳ್ಳಿ.

3. ಒರಿಜಿನಲ್ ಆಧಾರ್, ಮಾರ್ಕ್ಸ್ ಕಾರ್ಡ್ ಯಾರಿಗೂ ಒತ್ತೆ ಇಡಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋ ಆಧಾರ್ ಪ್ರತಿ ಸಾಕು. ಲೈಸೆನ್ಸ್ ಡಿಜಿಲಾಕರ್‌ನಲ್ಲಿ ತೋರಿಸಿ, ರಸ್ತೆಯಲ್ಲೂ ಅದು ನಡೆಯುತ್ತೆ.

4. ಹೊರಡೋ ಮೊದಲು ಗಾಡಿ ಸುತ್ತ ಒಂದು ನಿಮಿಷದ ವಿಡಿಯೊ ಮಾಡಿ. ಗೀರು, ಮಿರರ್, ಲಿವರ್, ಕಿ.ಮೀ. ರೀಡಿಂಗ್ ಎಲ್ಲ ಬರಲಿ. ಅಂಗಡಿಯವರಿಗೂ ಅಲ್ಲೇ ಕಳಿಸಿ.

5. ಆರ್‌ಸಿ, ಇನ್ಶೂರೆನ್ಸ್ ಚಾಲ್ತಿ ಇದೆಯಾ ಅಂತ ಗಾಡಿ ನಂಬರ್ ಹಾಕಿ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿ. ಇನ್ಶೂರೆನ್ಸ್ ಇಲ್ಲದ ಗಾಡಿ ರಸ್ತೆಗೆ ಇಳಿಸಬೇಡಿ. ಹೆಲ್ಮೆಟ್ ಬಿಟ್ಟು ಹೋಗಬೇಡಿ.

6. ದುಡ್ಡಿಲ್ಲ ಅಂದ್ರೆ "ನೀವೇ ಒಬ್ಬರು ಹಿಂದೆ ಕೂತ್ಕೊಳ್ರಿ, ಇಲ್ಲಾ ನಮ್ ಗಾಡಿ ಇಲ್ಲೇ ಇರ್ಲಿ" ಅನ್ನಿ. ಎರಡನ್ನೂ ಒಪ್ಪದೆ ಡಿಪಾಸಿಟ್ ಒಂದೇ ಬೇಕು ಅನ್ನೋರ ಹತ್ರ ಗಾಡಿ ತಗೊಳ್ಳೋ ಬಗ್ಗೆ ಇನ್ನೊಮ್ಮೆ ಯೋಚಿಸಿ.

ಹಾಸ್ಟೆಲಿನಲ್ಲಿ ಸೀನಿಯರ್ ಜೂನಿಯರಿಗೆ ಗಾಡಿ ಮಾರುವಾಗಲೂ ಇದೇ ಲೆಕ್ಕ. ಅಲ್ಲಿ ಡಿಪಾಸಿಟ್ ಯಾರೂ ಕೇಳಲ್ಲ, ಆದ್ರೆ ಲೈಸೆನ್ಸ್ ಕೂಡ ಯಾರೂ ಕೇಳಲ್ಲ. ಮೊದಲು ಕೇಳಬೇಕಾದ್ದು ಲೈಸೆನ್ಸೇ. ಡಿಪಾಸಿಟ್ ಕೊಟ್ಟು ವಾಪಸ್ ಸಿಗದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನಿಮ್ಮೂರ ಅಂಗಡಿಗಳಲ್ಲಿ ಯಾವ ಪದ್ಧತಿ ಇದೆ ಅಂತ ನಮಗೂ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.